ಮುಕ್ಕಾಲು ರೊಟ್ಟಿಯ ಸೀರೆ

ಜೋಳದ ರೊಟ್ಟಿಯನ್ನು ಮುರಿದು, ಅಳೆದು, ಸರಿಯಾಗಿ ಮುಕ್ಕಾಲು ಭಾಗವನ್ನಷ್ಟೇ ತಟ್ಟೆಗೆ ಹಾಕಿಸಿಕೊಂಡ ಅತಿಥಿ ನಿಮ್ಮಲ್ಲಿ ಯಾರಾದರೂ ಇದ್ದೀರಾ? ನಾನು ಹಾಕಿಸಿಕೊಂಡಿದ್ದೇನೆ, ಅದೂ ಪರರ ಮನೆಯಲ್ಲಲ್ಲ, ಒಡಹುಟ್ಟಿದ ಅಕ್ಕನ ಮನೆಯಲ್ಲಿ, ಬುಟ್ಟಿಯ ತುಂಬ ಬಿಸಿ ರೊಟ್ಟಿ ಹೊಗೆಯಾಡುತ್ತಿದ್ದಾಗ. ನಮ್ಮ ಕಡೆ ಊಟಕ್ಕೆ ಕೂತವರು ಸಾಕೆಂದು ತಟ್ಟೆಗೆ ಕೈ ಅಡ್ಡ ಹಿಡಿದರೆ ಆ ಕೈಯ ಮೇಲೆಯೇ ಇನ್ನೊಂದು ರೊಟ್ಟಿ ಬೀಳುತ್ತದೆ. ಹಸಿವಿಲ್ಲವೆಂದವರಿಗೆ ಎರಡು, ಹೊಟ್ಟೆ ಸರಿಯಿಲ್ಲವೆಂದವರಿಗೆ ಮೊಸರಿನ ಜೊತೆ ಮೂರು. ಅಂಥ ಸೀಮೆಯಲ್ಲಿ ಮುಕ್ಕಾಲು ರೊಟ್ಟಿ ಎಂದರೆ ಅದು ಊಟವಲ್ಲ, ಶಿಕ್ಷೆ. ನಾನು ಮಾಡಿದ ಅಪರಾಧ ಭೌತಶಾಸ್ತ್ರ.

ತೀರ್ಪು ಕೊಡುವ ಮೊದಲು ಅಪರಾಧಿಯ ಪರಿಚಯ ನಿಮಗಿರಲಿ. ನಾನು ಮಕ್ತಲ್ ಸಮೀಪದ ಹಳ್ಳಿಯೊಂದರ ಕನ್ನಡ ಮಾಧ್ಯಮದ ಶಾಲೆಯಲ್ಲಿ ವಿಜ್ಞಾನ ಕಲಿಸುವವಳು. ತೆಲಂಗಾಣದೊಳಗಿನ ಕನ್ನಡ ಶಾಲೆ ನಮ್ಮದು. ಮಕ್ಕಳು ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ತೆಲುಗು, ಗೋಲಿಯಾಟದ ಜಗಳದಲ್ಲಿ ಎರಡನ್ನೂ ಕಲಸಿ ಆಡುವವರು. ಪ್ರತಿ ವರ್ಷ ‘ಕೆಲಸ ಮತ್ತು ಶಕ್ತಿ’ಯ ಪಾಠ ಬಂದಾಗ ನನ್ನೊಳಗಿನ ನಾಟಕದವಳು ಎದ್ದು ಕೂರುತ್ತಾಳೆ. ಎರಡೂ ತೋಳಿನ ತುಂಬ ನೋಟುಬುಕ್ಕುಗಳನ್ನು ಪೇರಿಸಿಕೊಂಡು, ಹಣೆಯಲ್ಲಿ ಬೆವರೊಡೆಯುವ ತನಕ ಕದಲದೆ ನಿಂತು, ‘ಈಗ ನಾನು ಎಷ್ಟು ಕೆಲಸ ಮಾಡಿದೆ ಹೇಳ್ರಿ?’ ಎಂದು ಕೇಳುತ್ತೇನೆ. ‘ಭಾಳ ಮಾಡೀರಿ ಟೀಚರ್!’ ಎಂದು ಕರುಣೆಯುಳ್ಳ ಮಕ್ಕಳು ಒಕ್ಕೊರಲಿನಿಂದ ಕೂಗುತ್ತಾರೆ. ನಾನು ಕರಿಹಲಗೆಯ ಮೇಲೆ ಕುಂಬಳಕಾಯಿ ಗಾತ್ರದ ಸೊನ್ನೆಯೊಂದನ್ನು ಬರೆಯುತ್ತೇನೆ. ಬಲ ಹಾಕಿದರಷ್ಟೇ ಸಾಲದು, ಆ ಬಲದ ದಿಕ್ಕಿನಲ್ಲಿ ವಸ್ತು ಸರಿಯಬೇಕು. ಬಲವನ್ನು ಸರಿದ ದೂರದಿಂದ ಗುಣಿಸಿದರೆ ಬರುವುದು ಕೆಲಸ. ದೂರ ಸೊನ್ನೆಯಾದರೆ ಕೆಲಸವೂ ಸೊನ್ನೆ. ಮಕ್ಕಳು ಬಾಯಿ ತೆರೆದು ನೋಡುವ ಆ ಒಂದು ಗಳಿಗೆಗಾಗಿ ನಾನು ವರ್ಷವಿಡೀ ಕಾಯುತ್ತೇನೆಂದರೆ ಸುಳ್ಳಲ್ಲ.

ಇನ್ನು ಅಕ್ಕ. ನನಗಿಂತ ಹತ್ತು ವರ್ಷಕ್ಕೆ ದೊಡ್ಡವಳು. ನಾರಾಯಣಪೇಟೆಯ ನೇಕಾರರ ಮನೆ ನಮ್ಮದು. ಅವಳು ಏಳನೆಯ ತರಗತಿ ಮುಗಿಸಿ ಮಗ್ಗಕ್ಕೆ ಕೂತಳು, ನಾನು ಅದೇ ಮಗ್ಗದ ಕಂಬಕ್ಕೆ ಬೆನ್ನು ಕೊಟ್ಟು ಓದಿದೆ. ಅವಳು ಕಾಲು ಒತ್ತಿದಾಗೆಲ್ಲ ಕಂಬ ಕೊಂಚ ಅಲುಗಿ ನನ್ನ ಬೆನ್ನಿಗೊಂದು ಮೆತ್ತನೆಯ ನೂಕು ಬರುತ್ತಿತ್ತು. ಆ ನೂಕಿನ ಲಯದಲ್ಲಿಯೇ ಮಗ್ಗಿ ಕಲಿತೆ, ಪದ್ಯ ಬಾಯಿಪಾಠ ಮಾಡಿದೆ. ಅವಳು ಮದುವೆಯಾಗಿ ಗದ್ವಾಲಕ್ಕೆ ಹೋದ ವರ್ಷ ನಾನು ಗಣಿತದಲ್ಲಿ ನಪಾಸಾದೆ. ಕಾರಣ ಕೇಳಿದ ಅಪ್ಪನಿಗೆ ಬೆನ್ನಿಗೆ ನೂಕು ಸಿಗಲಿಲ್ಲವೆಂದು ಹೇಳಲಾದೀತೇ? ಆದರೆ ನಿಜ ಅದೇ. ಇವತ್ತು ನಾನು ನಾಲ್ಕು ಮಕ್ಕಳೆದುರು ಸುಣ್ಣದ ಕಡ್ಡಿ ಹಿಡಿದು ನಿಂತಿದ್ದರೆ ಅದಕ್ಕೆ ಅಕ್ಕನ ಬಲಗಾಲೇ ಮೂಲವೆಂದು ನಾನು ಎದೆ ತಟ್ಟಿ ಹೇಳಬಲ್ಲೆ.

ಆ ಬಲಗಾಲಿಗೇ ಕುತ್ತು ಬಂತು. ಮಹಬೂಬನಗರದ ಡಾಕ್ಟರೊಬ್ಬರು ಅವಳ ಮೊಣಕಾಲನ್ನು ಮಡಿಸಿ, ಬಿಡಿಸಿ, ಚಿತ್ರ ತೆಗೆಸಿ ನೋಡಿ, ಒಳಗಿನ ಮೆತ್ತೆ ಸವೆದಿದೆ, ಇನ್ನು ಮಗ್ಗ ಬಿಟ್ಟರೆ ಒಳ್ಳೆಯದು ಎಂದರು. ಸುದ್ದಿ ಕೇಳಿ ನಾನು ಭಾನುವಾರ ಗದ್ವಾಲಕ್ಕೆ ಓಡಿದೆ. ಅಕ್ಕ ನಗುನಗುತ್ತಲೇ ಬಾಗಿಲು ತೆರೆದಳು. ಅವಳು ಅಷ್ಟು ನಗುವುದು ಒಳಗೆ ಭಯವಾದಾಗ ಮಾತ್ರ ಎಂಬುದು ನನಗೆ ಗೊತ್ತು.

ಅವಳ ಭಯ ಅರ್ಥವಾಗಬೇಕಾದರೆ ಗದ್ವಾಲದ ನೇಯ್ಗೆಯ ಒಂದು ಮಾತು ಹೇಳಬೇಕು. ನಮ್ಮ ನಾರಾಯಣಪೇಟೆಯಲ್ಲಿ ಎಂಟು ಸೀರೆಗೆ ಒಂದೇ ಹಾಸು ಏರಿಸುವುದು ಹಳೆಯ ರೂಢಿ; ಹಾಸೆಂದರೆ ಮಗ್ಗದ ಉದ್ದಕ್ಕೂ ಬಿಗಿದ ಎಳೆಗಳು. ಗದ್ವಾಲದ ಸೀರೆಯ ಬಿಗುಮಾನವೇ ಬೇರೆ. ಒಡಲು ಹತ್ತಿಯದು, ಎರಡೂ ಅಂಚು ರೇಷ್ಮೆಯದು. ಆದ್ದರಿಂದ ಒಡಲಿಗೊಂದು, ಅಂಚುಗಳಿಗೆರಡು, ಹೀಗೆ ಅಡ್ಡ ನೂಲು ಒಯ್ಯುವ ಮೂರು ಲಾಳಿಗಳು ಓಡಾಡಬೇಕು, ಪ್ರತಿ ಸಾಲಿನಲ್ಲಿಯೂ ಹತ್ತಿಯ ಎಳೆ ರೇಷ್ಮೆಯ ಎಳೆಗೆ ಕೊಂಡಿ ಹಾಕಿಕೊಂಡೇ ಹಿಂದಿರುಗಬೇಕು. ಅಕ್ಕನ ಮನೆಯಲ್ಲಿರುವುದು ಕುಣಿಯ ಮಗ್ಗ. ನೆಲದಲ್ಲಿ ತೋಡಿದ ಕುಣಿಯ ಅಂಚಿಗೆ ಕೂತು ಕಾಲು ಇಳಿಬಿಟ್ಟರೆ ಅಡಿಗೆ ಒತ್ತುವ ಹಲಗೆಗಳು ಸಿಗುತ್ತವೆ. ಅವುಗಳಲ್ಲಿ ಒಂದು ಹಲಗೆ ಮಾತ್ರ ಬಲು ಭಾರ. ಅದರ ಹಗ್ಗ ಮಗ್ಗದ ನೆತ್ತಿಯ ಮೇಲೆ ಕೂತ ಜಕಾರ್ಡ್ ಪೆಟ್ಟಿಗೆಗೆ ಹೋಗುತ್ತದೆ. ಹಲಗೆ ಒತ್ತಿದರೆ ಪೆಟ್ಟಿಗೆಯು ಅಂಚಿನ ನೂರಾರು ಎಳೆಗಳನ್ನು ಮೇಲಕ್ಕೆತ್ತಿ ಲಾಳಿಗೆ ದಾರಿ ಮಾಡಿಕೊಡುತ್ತದೆ, ರೇಷ್ಮೆಯಲ್ಲಿ ನವಿಲು ಮೂಡುತ್ತದೆ. ಅಕ್ಕನ ಬಲ ಮೊಣಕಾಲನ್ನು ತಿಂದದ್ದು ಆ ನವಿಲುಗಳೇ.

ಡಾಕ್ಟರ ಮಾತು ಬೀಳುವ ಹೊತ್ತಿಗೆ ಮಗ್ಗದ ಮೇಲೆ ನಾಲ್ಕು ಸೀರೆಗಾಗುವಷ್ಟು ಹಾಸು ಏರಿತ್ತು, ನೇಯ್ದದ್ದು ಒಂದೇ ಸೀರೆ. ಏರಿಸಿದ ಹಾಸನ್ನು ನಡುವೆ ಕತ್ತರಿಸುವುದು ಆ ಮನೆಯಲ್ಲಿ ಇಲ್ಲ. ಅತ್ತೆಯ ಕಾಲದಿಂದ ಇಲ್ಲ. ಇನ್ನೊಬ್ಬರನ್ನು ಕೂರಿಸೋಣವೆಂದರೆ ಒಬ್ಬೊಬ್ಬರ ಕೈಯ ಬಡಿತ ಒಂದೊಂದು ತೆರ, ಕೈ ಬದಲಾದ ಜಾಗ ಬಟ್ಟೆಯಲ್ಲಿ ಗೆರೆ ಎಳೆದಂತೆ ಕಾಣುತ್ತದೆ. ಭಾವನಿಗಂತೂ ಕಣ್ಣಿನ ಶಸ್ತ್ರಕ್ರಿಯೆ ಆದ ಮೇಲೆ ಎಳೆಗೆ ಎಳೆ ಕೊಂಡಿ ಹಾಕುವುದು ಕಾಣಿಸದು. ಬಲದ ಅಂಚಿನ ಲಾಳಿಯನ್ನು ಅಂದಾಜಿನ ಮೇಲೆ ದಾಟಿಸಿಕೊಡುತ್ತ, ಉಳಿದ ಹೊತ್ತು ನೂಲು ಸುತ್ತುತ್ತ, ಅಕ್ಕನ ಪಕ್ಕ ಕೂತಿರುತ್ತಾರೆ.

‘ಈ ಹಾಸೊಂದು ಮುಗಿಸಿ ಇಳೀತೀನಿ’ ಎಂದಳು ಅಕ್ಕ. ‘ಆದ್ರ ಕಾಲು ಕೇಳವಲ್ದು. ದಿನಕ್ಕ ಒಂದು ಗೇಣು ನೇಯಾಕ ಆಗವಲ್ದು.’

‘ಮುಗಿಸಿ ಇಳಿದ ಮೇಲೆ?’ ಎಂದು ನಾನು ಕೇಳಬಾರದಿತ್ತು, ಕೇಳಿಬಿಟ್ಟೆ.

‘ಆಮ್ಯಾಲ ಏನೈತಿ? ಗ್ವಾಡಿ ನೋಡಕೋತ ಕುಂದ್ರೂದು’ ಎಂದು ಅವಳು ಮತ್ತೆ ನಕ್ಕಳು. ನನಗೆ ಆ ನಗು ತಡೆದುಕೊಳ್ಳಲಾಗಲಿಲ್ಲ. ಇಷ್ಟು ವರ್ಷ ಬಲ, ದೂರ, ಯಂತ್ರ ಎಂದು ಮಕ್ಕಳ ತಲೆ ತಿಂದವಳು ಸ್ವಂತ ಅಕ್ಕನ ಕಾಲಿನಡಿಯ ಹಲಗೆಯೊಂದನ್ನು ಹಗುರ ಮಾಡಲಾರೆನೇ? ಮಾಡಿಯೇ ತೀರುತ್ತೇನೆಂದು ಅವತ್ತೇ ಟೊಂಕ ಕಟ್ಟಿದೆ.

ಮೊದಲು ರೋಗದ ಅಳತೆ. ಬಚ್ಚಲಿನ ಬಕೆಟ್ಟನ್ನು ಹಲಗೆಯ ತುದಿಯ ಮೇಲೆ ಕೂರಿಸಿ, ಹಲಗೆ ತಾನಾಗಿ ಕೆಳಗಿಳಿಯುವವರೆಗೆ ತಂಬಿಗೆಯಿಂದ ನೀರು ಸುರಿದೆ. ಭಾವ ತಂಬಿಗೆ ಎಣಿಸಿದರು, ಎಣಿಕೆ ತಪ್ಪಿದಾಗ ತೆಲುಗಿನಲ್ಲಿ ಮೊದಲಿನಿಂದ ಎಣಿಸಿದರು. ಅಕ್ಕ ಗೋಡೆಗೊರಗಿ, ‘ಮಗ್ಗಕ್ಕ ಎರಕೊಳ್ಳಾಕ ನೀರು ಇಟ್ಟೀಯೇನ?’ ಎಂದು ವಿಚಾರಿಸಿದಳು. ಒಟ್ಟು ಹದಿನೈದು ಕಿಲೋ ಭಾರಕ್ಕೆ ಹಲಗೆ ಸುಮಾರು ಒಂದು ಗೇಣು ಕೆಳಗಿಳಿಯುತ್ತಿತ್ತು. ಬರೆದುಕೊಂಡು, ಗಂಭೀರವದನೆಯಾಗಿ ಮಕ್ತಲ್‌ಗೆ ಮರಳಿದೆ.

ಮುಂದಿನ ಭಾನುವಾರ ನನ್ನ ಚೀಲದಲ್ಲಿ ಮಕ್ತಲ್‌ನ ಕಬ್ಬಿಣದ ಅಂಗಡಿಯ ಹೊಚ್ಚ ಹೊಸ ಗಡಗಡೆಯೊಂದಿತ್ತು. ಬಾವಿಯ ಗಡಗಡೆಯನ್ನು ಮೇಲೆ ಕಟ್ಟಿದರೆ ಅದು ಬಲದ ದಿಕ್ಕನ್ನು ಬದಲಿಸುತ್ತದೆ, ಅಷ್ಟೇ. ಹಗ್ಗದ ಒಂದು ತುದಿಯನ್ನು ಬಿಗಿದು ಗಡಗಡೆಯನ್ನೇ ಭಾರದ ಜೊತೆ ಚಲಿಸಲು ಬಿಟ್ಟರೆ ಅರ್ಧ ಬಲದಲ್ಲಿ ಪೂರ್ತಿ ಭಾರ ಏಳುತ್ತದೆ. ಜೂರಾಲ ಅಣೆಕಟ್ಟಿನ ಮೇಲೆ ಬಸ್ಸು ಸಾಗುವಾಗ ಕಿಟಕಿಯಾಚೆ ಕೃಷ್ಣೆ ತುಂಬಿ ನಿಂತಿದ್ದಳು. ಎತ್ತರದ ನೀರಿನಲ್ಲಿ ಅಡಗಿದ ಶಕ್ತಿ ಕೆಳಗಿಳಿಯುತ್ತ ಚಕ್ರ ತಿರುಗಿಸಿ, ತಂತಿಯೇರಿ, ಯಾರದೋ ಮನೆಯ ಮಿಕ್ಸಿಯಲ್ಲಿ ಶೇಂಗಾ ಚಟ್ನಿಯಾಗುವುದನ್ನು ನೆನೆದು ನಾನು ಹಿಗ್ಗಿದೆ. ನದಿಯನ್ನೇ ದುಡಿಸಿಕೊಂಡ ಮನುಷ್ಯನಿಗೆ ಒಂದು ಹಲಗೆ ಯಾವ ಲೆಕ್ಕ ಎಂಬ ಜಂಬ ಬೇರೆ.

ಭಾವನೂ ನಾನೂ ಸೇರಿ ಹಗ್ಗದ ನಡುವೆ ಗಡಗಡೆ ಕಟ್ಟಿದೆವು. ಅಕ್ಕ ಕುಣಿಯಲ್ಲಿ ಕಾಲಿಳಿಬಿಟ್ಟು ಹಲಗೆಯ ಮೇಲೆ ಪಾದವಿಟ್ಟಳು. ‘ಅಯ್ಯ, ಹೂವಿನಂಗೈತಲ್ಲ!’ ಎಂದಾಗ ಅವಳ ಮುಖ ಅರಳಿದ್ದನ್ನು ನೀವು ನೋಡಬೇಕಿತ್ತು. ನಾನು ನೋಡಿದೆ, ಆದರೆ ಲಾಳಿ ಎಸೆಯುವವರೆಗೆ ಮಾತ್ರ. ಎಸೆದ ಲಾಳಿ ಅರ್ಧ ದಾರಿಯಲ್ಲಿ ಎಳೆಗಳೊಳಗೆ ನುಗ್ಗಿ ಸಿಕ್ಕಿಕೊಂಡು ಪಟಪಟನೆ ಹತ್ತು ಹನ್ನೆರಡು ಎಳೆಗಳು ಹರಿದವು. ಎಳೆಗಳು ಪೂರ್ತಿ ಮೇಲೆದ್ದಿರಲೇ ಇಲ್ಲ. ಅವು ಏಳುವ ಮೊದಲೇ ಹಲಗೆ ಕುಣಿಯ ತಳ ಮುಟ್ಟಿಬಿಟ್ಟಿತ್ತು.

ಮಕ್ಕಳಿಗೆ ನಾನೇ ಎಷ್ಟು ಸಲ ಹೇಳಿಲ್ಲ! ಯಂತ್ರ ಕೆಲಸವನ್ನು ಕಡಿಮೆ ಮಾಡುವುದಿಲ್ಲ. ಬಲ ಅರ್ಧವಾದರೆ ದೂರ ಎರಡರಷ್ಟಾಗುತ್ತದೆ. ಎರಡರ ಗುಣಲಬ್ಧ ಬದಲಾಗದು. ಒಂದು ಗೇಣು ಇಳಿಯುತ್ತಿದ್ದ ಹಲಗೆ ಈಗ ಎರಡು ಗೇಣು ಇಳಿಯಬೇಕಿತ್ತು, ಕುಣಿಯಲ್ಲಿ ಅಷ್ಟು ಆಳವಿರಲಿಲ್ಲ. ಪರೀಕ್ಷೆಯಲ್ಲಿ ಇದನ್ನು ಬರೆಯದ ಮಕ್ಕಳಿಗೆ ನಾನು ಅಂಕ ಕೊಟ್ಟವಳಲ್ಲ. ಕುಣಿಯನ್ನು ಇನ್ನಷ್ಟು ತೋಡೋಣವೆಂದು ಭಾವ ಹಾರೆ ತಂದರು. ಮೂರು ಏಟಿಗೆ ಕಿಡಿ ಹಾರಿತು, ಕೆಳಗೆ ಬಂಡೆ. ‘ತೋಡಿದ್ರೂ ಅಷ್ಟು ಕೆಳಗ ನನ್ನ ಮಣಕಾಲು ಬಗ್ಗಬೇಕಲ್ಲೇ ತಂಗಿ’ ಎಂದಳು ಅಕ್ಕ, ಸಿಟ್ಟಿಲ್ಲದೆ. ಸಿಟ್ಟು ಮಾಡಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಅವಳು ಹರಿದ ಎಳೆಗಳನ್ನು ಒಂದೊಂದಾಗಿ ಹುಡುಕಿ ಗಂಟಿಕ್ಕುತ್ತ ಕೂತಳು, ನಾನು ಗಡಗಡೆ ಬಿಚ್ಚಿ ಚೀಲಕ್ಕೆ ತುರುಕಿದೆ.

ಸೋತ ಪಂಡಿತರಿಗೆ ಮಾತು ಹೆಚ್ಚು. ಊಟಕ್ಕೆ ಕೂತಾಗ ಮೌನ ತಾಳಲಾರದೆ ನಾನು ಹಿಂದಿನ ವಾರದ ಲೆಕ್ಕವನ್ನು ಹೊರತೆಗೆದೆ. ಹದಿನೈದು ಕಿಲೋ ಭಾರ, ಒಂದು ಗೇಣು ದೂರ, ಅಲ್ಲಿಗೆ ಒಮ್ಮೆ ಒತ್ತಲು ಮೂವತ್ತು ಜೂಲ್ ಕೆಲಸ. ಒಂದು ಸೀರೆಗೆ ಹತ್ತು ಸಾವಿರ ಸಲ ಒತ್ತಿದರೂ ಮೂರು ಲಕ್ಷ ಜೂಲ್. ಇಷ್ಟು ಶಕ್ತಿ ಎಷ್ಟು ಅನ್ನದಲ್ಲಿದೆಯೆಂದು ನೋಡಿದರೆ, ಅಕ್ಕ ತಟ್ಟುವ ದಪ್ಪನೆಯ ರೊಟ್ಟಿಯಲ್ಲಿ ಮುಕ್ಕಾಲು ಸಾಕು. ಕಾಲು ನೆಟ್ಟಗಿದ್ದಾಗ ದಿನಕ್ಕೆ ಆರು ತಾಸಿನಂತೆ ಎಂಟು ದಿನ ಕೂತು ನೇಯುತ್ತಿದ್ದಳಾದ್ದರಿಂದ, ಆ ಕೆಲಸವನ್ನು ಕಾಲದಿಂದ ಭಾಗಿಸಿದರೆ ಕಾಲಿನ ಸಾಮರ್ಥ್ಯ ಎರಡು ವ್ಯಾಟ್‌ಗೂ ಕಡಿಮೆ. ದೇವರ ಪಟದ ಮುಂದೆ ಮಿಣುಕುವ ಪುಟ್ಟ ದೀಪದಷ್ಟು.

‘ಅಂದ್ರ?’ ಎಂದಳು ಅಕ್ಕ.

‘ಅಂದರೆ, ನಿನ್ನ ಕಾಲು ಒಂದು ಸೀರೆಗೆ ಮಾಡುವ ಕೆಲಸ ಮುಕ್ಕಾಲು ರೊಟ್ಟಿಯಷ್ಟು’ ಎಂದೆ, ಮೆಚ್ಚುಗೆ ನಿರೀಕ್ಷಿಸುತ್ತ.

ಅಕ್ಕ ಬುಟ್ಟಿಯಿಂದ ಒಂದು ರೊಟ್ಟಿ ತೆಗೆದಳು. ನಾಲ್ಕು ಮಡಿಕೆ ಮಾಡಿ, ಒಂದು ಪಾಲು ಮುರಿದು ಬುಟ್ಟಿಗೆ ಹಾಕಿ, ಉಳಿದದ್ದನ್ನು ನನ್ನ ತಟ್ಟೆಗಿಟ್ಟಳು. ‘ತಗೊ. ಇದನ್ನ ತಿಂದು, ಒಂದು ಸೀರಿ ನೇಯ್ದಿಟ್ಟು, ಆಮ್ಯಾಲ ಬಸ್ಸಿಗೆ ಹೋಗು.’

ಭಾವ ನೀರು ಕುಡಿಯುತ್ತಿದ್ದವರು ಕೆಮ್ಮಿದರು. ನಾನು ಇನ್ನೂ ಬುದ್ಧಿ ಕಲಿಯಲಿಲ್ಲ. ಯಂತ್ರಕ್ಕೆ ದಕ್ಷತೆ ಎಂಬುದೊಂದಿದೆ ಅಕ್ಕ, ಹಾಕಿದ್ದೆಲ್ಲ ಕೆಲಸವಾಗಿ ಹೊರಬರುವುದಿಲ್ಲ, ಮನುಷ್ಯನ ಮೈಯಲ್ಲಂತೂ ನಾಲ್ಕು ಪಾಲು ಉಂಡರೆ ಸುಮಾರು ಒಂದು ಪಾಲು ಕೆಲಸ, ಉಳಿದದ್ದು ಬಿಸಿ; ಆದ್ದರಿಂದ ಲೆಕ್ಕ ಪ್ರಕಾರ ನನಗೆ ಮೂರು ರೊಟ್ಟಿ ಬರಬೇಕು ಎಂದು ವಾದಿಸಿದೆ. ‘ಉಳಿದದ್ದು ಬಿಸಿ ಅಲ್ಲೇನು? ಹಂಗಾದ್ರ ಬಿಸ್ಲಾಗ ಕುಂದ್ರು ಹೋಗು, ಸಿಗ್ತೈತಿ’ ಎಂದಳು. ವಿಜ್ಞಾನದ ಎದುರು ಅಕ್ಕಂದಿರ ವಾದ ಯಾವಾಗಲೂ ಒಂದು ಮೆಟ್ಟಿಲು ಮೇಲೆಯೇ ನಿಂತಿರುತ್ತದೆ, ಇದು ನಿಮ್ಮ ಮನೆಯಲ್ಲಿಯೂ ಹೀಗೆಯೇ ಇರಬೇಕು.

ಮುಕ್ಕಾಲು ರೊಟ್ಟಿ ತಿಂದ ತಪ್ಪಿಗೆ ಮಗ್ಗಕ್ಕೆ ಕೂರಲೇಬೇಕಾಯಿತು. ಸೀರೆಯ ಮೇಲಲ್ಲ, ಎರಡು ಸೀರೆಗಳ ನಡುವೆ ಕತ್ತರಿಗಾಗಿ ಬಿಡುವ ಖಾಲಿ ಜಾಗದಲ್ಲಿ, ಕೆಟ್ಟರೂ ಕೇಡಿಲ್ಲದ ಕಡೆ ಕೂರಿಸಿದಳು. ಹುಟ್ಟಿದ್ದು ನೇಕಾರರ ಮನೆಯಾದರೂ ನಾನು ಅದುವರೆಗೆ ಮಗ್ಗದ ಕಂಬಕ್ಕೆ ಒರಗಿದ್ದೆನೇ ಹೊರತು ಹಲಗೆ ಒತ್ತಿದವಳಲ್ಲ. ಒತ್ತಿದೆ. ಅಷ್ಟೇನೂ ಕಷ್ಟವೆನಿಸಲಿಲ್ಲ. ‘ಇಷ್ಟೇನಾ?’ ಎನ್ನುವಷ್ಟರಲ್ಲಿ ಅಕ್ಕ, ‘ಬಿಡಬ್ಯಾಡ, ಹಂಗ ಹಿಡಿ’ ಎಂದಳು. ಎಡದ ಲಾಳಿ ಹೋಗಬೇಕು, ಅದರ ರೇಷ್ಮೆಗೆ ಹತ್ತಿಯ ಕೊಂಡಿ ಬೀಳಬೇಕು, ನಡುವಿನ ಲಾಳಿ ದಾಟಬೇಕು, ಆಚೆ ಭಾವನ ಕೈಯ ಲಾಳಿ ಬಂದು ಮತ್ತೆ ಕೊಂಡಿಯಾಗಬೇಕು. ಅಲ್ಲಿಯ ತನಕ ಹಲಗೆಯನ್ನು ತಳದಲ್ಲಿ ಅದುಮಿಯೇ ಇಟ್ಟಿರಬೇಕು, ಕೊಂಚ ಸಡಿಲಿಸಿದರೂ ಎಳೆ ಇಳಿದು ಲಾಳಿ ಸಿಕ್ಕಿಬೀಳುತ್ತದೆ. ಐದನೆಯ ಸಾಲಿಗೆ ನನ್ನ ತೊಡೆ ನಡುಗಿತು. ಹತ್ತನೆಯ ಸಾಲಿಗೆ ಮೊಣಕಾಲಿನೊಳಗೆ ಯಾರೋ ಸಣ್ಣ ಮೊಳೆ ಹೊಡೆಯುತ್ತಿದ್ದಾರೆ ಎನಿಸಿತು. ಹದಿನೈದಕ್ಕೆ ಕಣ್ಣಲ್ಲಿ ನೀರು ಬಂತು, ಆ ನೀರು ನೋವಿನದಷ್ಟೇ ಆಗಿರಲಿಲ್ಲ. ಇಷ್ಟು ವರ್ಷ ನನ್ನ ಬೆನ್ನಿಗೆ ಬಂದದ್ದು ಒತ್ತುವಾಗಿನ ನೂಕು ಮಾತ್ರ. ಎರಡು ನೂಕುಗಳ ನಡುವೆ ಅಕ್ಕ ಹಿಡಿದುಕೊಂಡೇ ಇರುತ್ತಿದ್ದಳೆಂಬುದು ನನಗೆ ತಿಳಿದಿರಲಿಲ್ಲ, ನಾನು ಕೇಳಿಯೂ ಇರಲಿಲ್ಲ.

‘ಅಕ್ಕ, ಒತ್ತೂದಲ್ಲ, ಹಿಡಿಯೂದೇ ನೋವು ಅಂತ ಯಾಕ ಹೇಳಲಿಲ್ಲ?’ ಎಂದೆ. ನನಗೂ ಊರಿನ ಮಾತು ತಾನಾಗಿ ಬಂದಿತ್ತು.

‘ನೀ ಕೇಳಿದ್ದು ಎಷ್ಟು ತೂಕ, ಎಷ್ಟು ಕೆಳಗ ಇಳೀತೈತಿ ಅಂತ. ಎಷ್ಟು ಹೊತ್ತು ಹಿಡೀತಿ ಅಂತ ಎಲ್ಲಿ ಕೇಳಿದಿ?’

ಕೇಳಲಿಲ್ಲ, ಏಕೆಂದರೆ ನನ್ನ ಸೂತ್ರದಲ್ಲಿ ಅದಕ್ಕೆ ಜಾಗವಿರಲಿಲ್ಲ. ಹಲಗೆ ತಳದಲ್ಲಿ ನಿಂತಮೇಲೆ ಸರಿಯುವ ದೂರವಿಲ್ಲ, ಆದ್ದರಿಂದ ಕೆಲಸ ಸೊನ್ನೆ. ಇದನ್ನು ಅಕ್ಕನಿಗೆ ಹೇಳಲು ಬಾಯಿ ಬರಲಿಲ್ಲ. ಮುಕ್ಕಾಲು ರೊಟ್ಟಿಯ ಶಾಸ್ತಿಯೇ ಇನ್ನೂ ಹೊಟ್ಟೆಯಲ್ಲಿತ್ತು. ಆದರೂ ಸುಳ್ಳು ಹೇಳಲಾರದೆ, ಅಳುಕುತ್ತ ಹೇಳಿದೆ: ‘ತಪ್ಪು ತಿಳೀಬ್ಯಾಡ. ನಮ್ಮ ಪುಸ್ತಕದ ಪ್ರಕಾರ ಹಿಡಿಯೂದು ಸೊನ್ನಿ ಕೆಲಸ.’ ಅಷ್ಟಾದರೂ ನೋವೇಕೆ ಎಂಬುದನ್ನೂ ಹೇಳಿದೆ. ನಮ್ಮ ಮಾಂಸಖಂಡಕ್ಕೆ ಸುಮ್ಮನೆ ಬಿಗಿದು ನಿಲ್ಲುವುದು ಗೊತ್ತಿಲ್ಲ. ಹೊರಗೆ ಕದಲದಂತೆ ಕಂಡರೂ ಒಳಗೆ ಅದರ ಎಳೆ ಎಳೆಯೂ ಎಳೆದು, ಸಡಿಲಿಸಿ, ಮತ್ತೆ ಎಳೆದು ಒದ್ದಾಡುತ್ತಿರುತ್ತದೆ. ತಿಂದ ಅನ್ನವನ್ನೆಲ್ಲ ಬಿಸಿ ಮಾಡಿ ಕಳೆಯುತ್ತದೆ. ಹೊರಗೆ ಮಾತ್ರ ಕೆಲಸ ಸೊನ್ನೆ. ಹಿಡಿದು ನಿಂತ ಕಾಲಿನಷ್ಟು ದಕ್ಷತೆಗೆಟ್ಟ ಯಂತ್ರ ಲೋಕದಲ್ಲಿ ಇನ್ನೊಂದಿಲ್ಲ.

ಬೈಗುಳಕ್ಕೆ ನಾನು ತಲೆ ತಗ್ಗಿಸಿ ಕಾದೆ. ಬೈಗುಳ ಬರಲಿಲ್ಲ. ಅಕ್ಕ ಗೋಡೆಯ ಕಡೆ ನೋಡುತ್ತಿದ್ದಳು. ಅಲ್ಲಿ ಗೂಟವೊಂದಕ್ಕೆ ಭಾವನ ಭಾರವಾದ ನೂಲಿನ ಚೀಲ ನೇತಾಡುತ್ತಿತ್ತು, ಎಷ್ಟೋ ದಿನದಿಂದ.

‘ಆ ಗೂಟ ಆ ಚೀಲ ಹಿಡಕೊಂಡೈತಲ್ಲ,’ ಎಂದಳು ನಿಧಾನವಾಗಿ, ‘ಅದಕ್ಕೇನು ರೊಟ್ಟಿ ಬೇಕೇನು?’

‘ಬ್ಯಾಡ.’

‘ಸ್ವಲ್ಪನೂ ಬ್ಯಾಡ?’

‘ಒಂದು ತುತ್ತೂ ಬ್ಯಾಡ ಅಕ್ಕ. ಸೊನ್ನಿ ಅಂದ್ರ ಸೊನ್ನಿ.’

‘ಮತ್ತ ಆ ಸೊನ್ನಿ ಕೆಲಸ ನನ್ನ ಕಾಲು ಯಾಕ ಮಾಡಬೇಕು? ಗೂಟಕ್ಕ ಹಚ್ಚು!’

ಹದಿನೆಂಟು ವರ್ಷ ಕರಿಹಲಗೆಯ ಮೇಲೆ ನಾನು ಬರೆದ ಸೊನ್ನೆ ಮಕ್ಕಳನ್ನು ಬೆಚ್ಚಿಬೀಳಿಸಲು ಇಟ್ಟುಕೊಂಡಿದ್ದ ಆಟಿಕೆಯಾಗಿತ್ತು. ಅದೇ ಸೊನ್ನೆ ಅಕ್ಕನ ಕೈಗೆ ಬಂದ ಕೂಡಲೇ ಉಪಕರಣವಾಯಿತು. ಶಕ್ತಿ ಬೇಡುವ ಕೆಲಸವಾದರೆ ಯಾರಾದರೂ ಉಂಡು ಮಾಡಬೇಕು. ಶಕ್ತಿಯನ್ನೇ ಬೇಡದ್ದನ್ನು ಮರದ ತುಂಡಿಗೆ ಒಪ್ಪಿಸಿ ಮನುಷ್ಯ ಹಾಯಾಗಿರಬಹುದು. ಅವಮಾನವೆಂದು ನಾನು ಬಾಯಿ ಬಿಡಲು ಹೆದರಿದ ಮಾತಿನೊಳಗೇ ಮದ್ದು ಕೂತಿತ್ತು. ನನಗೆ ಕುಣಿದಾಡಬೇಕೆನ್ನುವಷ್ಟು ಸಂತೋಷವಾಯಿತು, ಮೊಣಕಾಲು ಒಪ್ಪಲಿಲ್ಲ.

ಭಾವ ಹಿತ್ತಲಿನಿಂದ ಜಾಲಿಯ ಕೊರಡು ತಂದರು. ಕಣ್ಣು ಮಂಜಾದರೂ ಕೈ ಮಂಜಾಗಿರಲಿಲ್ಲ. ಉಳಿಯಿಂದ ಅದರಲ್ಲಿ ಒಂದು ಕಚ್ಚು ಮಾಡಿ, ಕುಣಿಯೊಳಗಿನ ಪಕ್ಕದ ಗೋಡೆಗೆ ಬಿಗಿದರು. ಈಗ ಅಕ್ಕ ಹಲಗೆಯನ್ನು ಒಮ್ಮೆ ಒತ್ತಿ, ಹಿಮ್ಮಡಿಯಿಂದ ಎರಡು ಬೆರಳು ಪಕ್ಕಕ್ಕೆ ಸರಿಸಿದರೆ ಅದು ಕಚ್ಚಿನಡಿ ಟಕ್ಕೆಂದು ಕೂರುತ್ತದೆ. ಕಾಲನ್ನು ಎತ್ತಿಬಿಡಬಹುದು, ಬೇಕಾದರೆ ಚಾಚಬಹುದು. ಮೂರು ಲಾಳಿಗಳು ಸಾವಕಾಶವಾಗಿ ಓಡಾಡಿ, ಕೊಂಡಿ ಬಿದ್ದ ಮೇಲೆ, ಹೆಬ್ಬೆರಳಿನಿಂದ ಒಂದು ತಳ್ಳು. ಹಲಗೆ ತಾನೇ ಮೇಲೇಳುತ್ತದೆ. ಮೊದಲ ಸಲ ಕಚ್ಚು ಜಾರಿತು. ಎರಡನೆಯ ಸಲ ಹಲಗೆ ಕೂತದ್ದು ಏಳಲೊಲ್ಲದೆ ಹಟ ಹಿಡಿಯಿತು, ಭಾವ ‘ಏಯ್ ಲೇಯ್, ಲೇ ಅಂಟುನ್ನಾ!’ ಎಂದು ಅದನ್ನು ಏಳುವಂತೆ ತೆಲುಗಿನಲ್ಲಿ ಗದರಿಸಿ, ಕಚ್ಚಿಗೆ ಒಂದು ತೊಟ್ಟು ಎಣ್ಣೆ ಬಿಟ್ಟರು. ಮೂರನೆಯ ಸಲ ಅಕ್ಕ ಒಂದು ಸಾಲು ನೇಯ್ದಳು. ನಾಲ್ಕು, ಐದು, ಹತ್ತು ಸಾಲು ನೇಯ್ದಳು. ಇಪ್ಪತ್ತಕ್ಕೆ ತಿರುಗಿ ನನ್ನನ್ನು ನೋಡಿದಳು, ನಗಲಿಲ್ಲ. ಅವಳು ನಗದೆ ಇದ್ದದ್ದು ಕಂಡು ನನ್ನ ಎದೆಯ ಭಾರ ಇಳಿಯಿತು.

‘ಉಣ್ಣು ಬಾ,’ ಎಂದಳು ಆಮೇಲೆ. ಆ ಸಂಜೆ ನನ್ನ ತಟ್ಟೆಗೆ ಎಷ್ಟು ರೊಟ್ಟಿ ಬಿದ್ದವೆಂಬುದಕ್ಕೆ ಅಳತೆಯಿಲ್ಲ. ಕೈ ಅಡ್ಡ ಹಿಡಿದೆ, ಕೈಯ ಮೇಲೆಯೂ ಬಿದ್ದವು.

ಹಿಂದಿರುಗುವ ಬಸ್ಸು ಮತ್ತೆ ಜೂರಾಲ ದಾಟಿತು. ಬರುವಾಗ ನಾನು ನೀರನ್ನಷ್ಟೇ ನೋಡಿದ್ದೆ, ಈಗ ಗೋಡೆಯನ್ನು ನೋಡಿದೆ. ಒಂದು ನದಿಯನ್ನೇ ಎದೆಗೊತ್ತಿ ಹಿಡಿದು ನಿಂತಿದೆ, ಒಂದು ಹೆಜ್ಜೆ ಸರಿದಿಲ್ಲ. ನಮ್ಮ ಪುಸ್ತಕದ ಪ್ರಕಾರ ಇದುವರೆಗೆ ಒಂದು ಜೂಲ್ ಕೆಲಸ ಮಾಡಿಲ್ಲ. ಅದು ಹಾಗೆ ನಿಂತಿರುವುದರಿಂದಲೇ ನೀರಿಗೆ ಎತ್ತರ, ಎತ್ತರದಿಂದ ಶಕ್ತಿ, ಶಕ್ತಿಯಿಂದ ಊರೂರಿಗೆ ಬೆಳಕು. ಹೊಲದ ಬದು, ಮಾಳಿಗೆಯ ತೊಲೆ, ಮಗುವನ್ನು ಹೊತ್ತ ತಾಯಿಯ ಸೊಂಟ ಎಲ್ಲ ನೆನಪಾದವು. ಮೊದಲೆರಡಕ್ಕೆ ರೊಟ್ಟಿ ಬೇಡ, ಮೂರನೆಯದಕ್ಕೆ ಬೇಕು. ಆದ್ದರಿಂದ ಆ ಮೂರನೆಯದನ್ನು ಕಂಡಾಗ ‘ಇಷ್ಟು ಹೊತ್ತು ಹಿಡಿದಿದ್ದೀಯಲ್ಲ, ಇಲ್ಲಿ ಕೊಡು’ ಎಂದು ಕೈ ಚಾಚಬೇಕೆನ್ನುವುದು ಯಾವ ಸೂತ್ರದಲ್ಲಿಯೂ ಇಲ್ಲ. ಮರುದಿನದ ಪಾಠದಲ್ಲಿ ಸೊನ್ನೆಯನ್ನು ಎಂದಿನಂತೆಯೇ ಬರೆದೆ. ಬರೆದು, ಪುಸ್ತಕಗಳನ್ನು ಮತ್ತೆ ತೋಳಿಗೇರಿಸಿಕೊಂಡು, ‘ಎಷ್ಟು ಹೊತ್ತು ಹಿಡಿದಿದ್ದೆ?’ ಎಂದೂ ಮಕ್ಕಳನ್ನು ಕೇಳಿದೆ. ‘ಹತ್ತು ನಿಮಿಷ ಟೀಚರ್’ ಎಂದ ಹುಡುಗಿಯೊಬ್ಬಳು ಕೇಳದೆಯೇ ಎದ್ದು ಬಂದು ಅರ್ಧ ಪುಸ್ತಕಗಳನ್ನು ತೆಗೆದುಕೊಂಡಳು.

ದಸರೆಯ ರಜೆಯಲ್ಲಿ ಅಕ್ಕನ ಫೋನು ಬಂತು: ‘ನಾಕನೇ ಸೀರಿ ಇವತ್ತು ಮುಗೀತೈತಿ. ಬಾ.’ ಹಾಸು ಉಳಿಯಿತಲ್ಲ ಎಂದು ಹಿಗ್ಗಿದೆ. ಮರುಕ್ಷಣವೇ ಹಿಗ್ಗಿನ ಬುಡದಲ್ಲಿ ಚುಚ್ಚಿತು. ಈ ಹಾಸು ಮುಗಿಸಿ ಇಳಿಯುತ್ತೇನೆಂದು ಅವಳೇ ಅಂದಿದ್ದಳು. ಪೇಡೆಯ ಡಬ್ಬಿ ಹಿಡಿದು ಹೋದೆನಾದರೂ ದಾರಿಯುದ್ದಕ್ಕೂ ನನ್ನ ಕಣ್ಣಿಗೆ ಕಟ್ಟಿದ್ದು ಬರಿದಾದ ಮಗ್ಗ, ಅದರೆದುರು ಗೋಡೆ ನೋಡುತ್ತ ಕೂತ ಅಕ್ಕ. ಮನೆಯ ಬಾಗಿಲಲ್ಲಿ ಚಪ್ಪಲಿ ಬಿಡುವಾಗ ಒಳಗಿನಿಂದ ಲಾಳಿಯ ಸದ್ದು ಬರಲಿಲ್ಲ.

ಒಳಗೆ ನಾಲ್ಕನೆಯ ಸೀರೆ ಕತ್ತರಿಸಿ, ಮಡಚಿ, ಅರಿಸಿನ ಕುಂಕುಮವಿಟ್ಟು ದೇವರ ಮುಂದೆ ಇಟ್ಟಾಗಿತ್ತು. ಅಕ್ಕ ಮಗ್ಗದ ಹಿಂಬದಿಯಲ್ಲಿ ನೆಲದ ಮೇಲೆ ಕಾಲು ಚಾಚಿ ಕೂತಿದ್ದಳು. ಅವಳ ಒಂದು ಪಕ್ಕದಲ್ಲಿ ಹಳೆಯ ಹಾಸಿನ ಉಳಿದ ಎಳೆಗಳ ತುದಿ, ಇನ್ನೊಂದು ಪಕ್ಕದಲ್ಲಿ ಹಸಿರು ಬಣ್ಣದ ಹೊಸ ಹಾಸಿನ ಸುರುಳಿ. ಹಳೆಯದರ ಒಂದೊಂದು ಎಳೆಗೆ ಹೊಸದರ ಒಂದೊಂದು ಎಳೆಯನ್ನು ಬೆರಳ ತುದಿಯಲ್ಲಿ ಹೊಸೆದು ಜೋಡಿಸುತ್ತಿದ್ದಳು. ಸಾವಿರಾರು ಎಳೆ.

‘ಇಳೀತೀನಿ ಅಂದಿದ್ದಿಯಲ್ಲ ಅಕ್ಕ?’ ಎಂದೆ.

‘ಇಳದಿದ್ದೆನಲ್ಲ. ಒಂದು ತಾಸು ಇಳದಿದ್ದೆ, ಊಟ ಮಾಡಿ ಮತ್ತ ಹತ್ತೀನಿ,’ ಎಂದಳು ತಲೆಯೆತ್ತದೆ. ‘ಡಾಕ್ಟರಿಗೆ ಆ ಗೂಟದ ಫೋಟೋ ತೋರ್ಸಿದಿವಿ. ದಿನಕ್ಕ ನಾಕು ತಾಸು ಕುಂದ್ರು, ನಡುನಡುವ ಎದ್ದು ಓಡ್ಯಾಡು ಅಂದಾರ.’

‘ಫೋಟೋ ನೋಡಿ ಡಾಕ್ಟರು ತಮ್ಮ ಮಣಕಾಲಿಗೂ ಒಂದು ಗೂಟ ಸಿಗ್ತೈತೇನು ಅಂತ ಕೇಳ್ಯಾರ್ರೀ ಟೀಚರಮ್ಮ’ ಎಂದರು ಭಾವ, ಮೂಲೆಯಿಂದ.

ಪೇಡೆಯ ಡಬ್ಬಿಯನ್ನು ಎಲ್ಲಿಡಬೇಕೆಂದು ತಿಳಿಯದೆ, ಅಳುವುದೋ ನಗುವುದೋ ತಿಳಿಯದೆ, ಎರಡನ್ನೂ ಮಾಡುತ್ತ ನಿಂತೆ. ಅಕ್ಕ ಆಗ ತಲೆಯೆತ್ತಿದಳು. ಹಸಿರು ಎಳೆಗಳ ಒಂದು ದಪ್ಪ ಗೊಂಚಲನ್ನು ಬಿಗಿಯಾಗಿ ಎಳೆದು ನನ್ನ ಕೈಗೆ ಕೊಟ್ಟಳು.

‘ಸುಮ್ಮನ ನಿಂದರಬ್ಯಾಡ. ಇದನ್ನ ಹಿಡಿ, ಸಡ್ಲ ಬಿಡಬ್ಯಾಡ. ಹಿಡಿಯೂದು ಸೊನ್ನಿ ಕೆಲಸ. ಇಷ್ಟು ಓದೀದಿ, ಇದು ನಿನಗ ಬರ್ತೈತಿ.’

ನಾನು ಹಿಡಿದೆ. ಅವಳು ಎಳೆಗೆ ಎಳೆ ಹೊಸೆಯುತ್ತ ಹೋದಳು. ಮಕ್ತಲ್‌ಗೆ ಹೋಗುವ ಸಂಜೆಯ ಬಸ್ಸು ತಪ್ಪಿತು. ತೋಳು ಸೋತು ನಡುಗಿದರೂ ನಾನು ಆ ಗೊಂಚಲನ್ನು ಸಡಿಲ ಬಿಡಲಿಲ್ಲ.